ಮರೂನ್ ಸೀರೆಗೆ ಕಾಫಿ ಬಣ್ಣದ ಫಾಲ್

ಮಾನ್ಯ ಸಂಪಾದಕರೆ,

ನಮಸ್ಕಾರ. ನಾನು ಕಲಬುರಗಿಯ ಬ್ರಹ್ಮಪುರದಲ್ಲಿ ಮನೆಯಲ್ಲೇ ಹೊಲಿಗೆ ಮಾಡುವವಳು. ಬ್ಲೌಸ್, ಫಾಲ್, ಪಿಕೋ, ಹಳೇ ಸೀರೆ ಕೊಟ್ಟರೆ ಕೌದಿ. 22 ವರ್ಷದಿಂದ ಇದೇ ಕೆಲಸ. ನಿಮ್ಮ ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ವಿಷಯ ತೀರಾ ಸಣ್ಣದು, ಮನೆಗೆ ಹಾಕುವ ಎಲ್‌ಇಡಿ ಬಲ್ಬ್. ಸಣ್ಣದು ಅಂತ ನಾನೂ ಅಂದುಕೊಂಡಿದ್ದೆ, ಒಂದು ಸೀರೆ ಕೆಡುವ ತನಕ.

ಕಳೆದ ಲಗ್ನದ ಸೀಜನ್‌ನಲ್ಲಿ ನಮ್ಮ ಓಣಿಯವರೇ ಒಬ್ಬರು ಮಗಳ ಮದುವೆಗೆಂದು ಏಳು ಸೀರೆ ಕೊಟ್ಟಿದ್ದರು. ಎಲ್ಲಕ್ಕೂ ಫಾಲ್ ಹಚ್ಚಿ ಪಿಕೋ ಮಾಡಬೇಕು. "ನಾಳೆ ಮುಂಜಾನಿ ಹತ್ತರೊಳಗ ಬೇಕ್ರಿ ಅಕ್ಕಾ" ಅಂದಿದ್ದರು. ರಾತ್ರಿ ಹನ್ನೊಂದರ ತನಕ ಕೂತೆ. ಕೊನೆಗೆ ಉಳಿದದ್ದು ಮರೂನ್ ಬಣ್ಣದ ರೇಷ್ಮೆ ಸೀರೆ. ಡಬ್ಬಿಯಿಂದ ಮರೂನ್ ಫಾಲ್ ತೆಗೆದು ಸೀರೆಯ ಅಂಚಿಗಿಟ್ಟು ನೋಡಿದೆ. ಸರಿಯಾಗಿ ಕೂಡಿತು. ದಾರವೂ ಕೂಡಿತು. ಕೈಹೊಲಿಗೆ ಹಾಕಿ ಮುಗಿಸಿ ಮಲಗಿದೆ. ಬೆಳಿಗ್ಗೆ ಹೊರಗೆ ಕಟ್ಟೆಯ ಮೇಲೆ ಸೀರೆ ಮಡಚಲು ಕೂತರೆ ಎದೆ ಝಲ್ ಅಂತು. ಸೀರೆ ಮರೂನ್, ಫಾಲ್ ಕಾಫಿ ಬಣ್ಣ, ದಾರ ಇವೆರಡೂ ಅಲ್ಲದ ಇನ್ನೊಂದು ಕಂದು!

ಬ್ಲೇಡ್ ಹಿಡಿದು ಹೊಲಿಗೆ ಬಿಚ್ಚಿದೆ. ರೇಷ್ಮೆ ಸೀರೆಯಲ್ಲಿ ಸೂಜಿಯ ತೂತು ಒಮ್ಮೆ ಬಿದ್ದರೆ ಬಿತ್ತು, ಇಸ್ತ್ರಿ ಮಾಡಿದರೂ ಪೂರ್ತಿ ಮುಚ್ಚುವುದಿಲ್ಲ. ಸರಿಯಾದ ಫಾಲ್ ಹಚ್ಚಿ ಕೊಟ್ಟೆ, ದುಡ್ಡು ತಗೊಳ್ಳಲಿಲ್ಲ. ಆ ತಾಯಿ ಬಯ್ಯಲೂ ಇಲ್ಲ. "ಕಣ್ಣು ಒಮ್ಮೆ ತೋರಸ್ಕೊಳ್ರಿ ಅಕ್ಕಾ, ವಯಸ್ಸಾಯ್ತಲ್ರಿ" ಅಂದರು. ಬಯ್ದಿದ್ದರೇ ಛಲೋ ಇತ್ತು.

ಕಣ್ಣು ತೋರಿಸಿದೆ. ಕನ್ನಡಕದ ನಂಬರ್ ಬದಲಾಗಿರಲಿಲ್ಲ. ಬದಲಾಗಿದ್ದು ಬಲ್ಬ್.

ಅದಕ್ಕೆ ಎಂಟು ದಿನ ಮುಂಚೆ ಮಷೀನಿನ ಮೇಲಿನ ಬಲ್ಬ್ ಹೋಗಿತ್ತು. ಸೂಪರ್ ಮಾರ್ಕೆಟ್ ಕಡೆ ದಾರ ತರಲು ಹೋದಾಗ ಒಂದು ಕಡೆ 200 ರೂಪಾಯಿಗೆ ನಾಲ್ಕು ಬಲ್ಬ್ ಮಾರುತ್ತಿದ್ದರು. ಡಬ್ಬಿ ಇಲ್ಲ, ಕಂಪನಿ ಹೆಸರಿಲ್ಲ, ಮೈಮೇಲೆ ಬರೀ 9 ವ್ಯಾಟ್ ಅಂತ ಅಚ್ಚು. ಹಚ್ಚಿ ತೋರಿಸಿದರು. ಹಾಲಿನಂಥ ಬೆಳಕು, ಕಣ್ಣು ಕುಕ್ಕುವಷ್ಟು. ಇನ್ನೇನು ಬೇಕು ಅಂತ ತಂದುಬಿಟ್ಟೆ.

ನಾವು ಬಲ್ಬ್ ಕೊಳ್ಳುವ ರೀತಿಯೇ ಅದಲ್ವಾ? ಅಂಗಡಿಯವರು "ಎಷ್ಟ್ ವ್ಯಾಟಿಂದು ಕೊಡ್ಲಿರಿ?" ಅಂತ ಕೇಳುತ್ತಾರೆ. ನಾವು "ಒಂಬತ್ತಿಂದು ಕೊಡ್ರಿ, ಬೆಳ್ಳಗಿರ್ಲಿ" ಅನ್ನುತ್ತೇವೆ. ಅಲ್ಲಿಗೆ ವ್ಯಾಪಾರ ಮುಗೀತು. ಆದರೆ ವ್ಯಾಟ್ ಅಂದರೆ ಬಲ್ಬ್ ತಿನ್ನುವ ಕರೆಂಟು, ಕೊಡುವ ಬೆಳಕಲ್ಲ. ಸಂತೆಯಲ್ಲಿ ಎಮ್ಮೆ ಕೊಳ್ಳುವಾಗ ಎಷ್ಟು ಹಿಂಡಿ ತಿನ್ನುತ್ತೆ ಅಂತ ಕೇಳಿ, ಎಷ್ಟು ಹಾಲು ಕೊಡುತ್ತೆ ಅಂತ ಕೇಳದೆ ಹಗ್ಗ ಹಿಡಿದುಕೊಂಡು ಬಂದ ಹಾಗಾಯಿತು.

ಹಳೇ ಹಳದಿ ಬಲ್ಬ್ ಕಾಲದಲ್ಲಿ ವ್ಯಾಟ್ ಕೇಳಿದರೆ ನಡೆಯುತ್ತಿತ್ತು. 60 ವ್ಯಾಟ್ ಅಂದರೆ ಯಾವ ಕಂಪನಿಯದಾದರೂ ಹೆಚ್ಚುಕಡಿಮೆ ಒಂದೇ ಬೆಳಕು. ಎಲ್‌ಇಡಿಯಲ್ಲಿ ಹಾಗಿಲ್ಲ. ಮೊನ್ನೆ ಒಂದು ಅಂಗಡಿಯಲ್ಲಿ ಮೂರು ಡಬ್ಬಿ ಪಕ್ಕಪಕ್ಕ ಇಟ್ಟು ಓದಿದೆ. ಮೂರೂ 9 ವ್ಯಾಟ್. ಒಂದರ ಮೇಲೆ 720 ಲ್ಯೂಮೆನ್, ಇನ್ನೊಂದರ ಮೇಲೆ 810, ಮತ್ತೊಂದರ ಮೇಲೆ 900. ಲ್ಯೂಮೆನ್ ಅಂದರೆ ಬಲ್ಬ್ ಕೊಡುವ ಒಟ್ಟು ಬೆಳಕಿನ ಲೆಕ್ಕ. ಅದೇ ಹಾಲು. ಹಳೇ 60 ವ್ಯಾಟ್ ಬಲ್ಬಿನಷ್ಟು ಬೆಳಕು ಬೇಕಿದ್ದರೆ 700ರಿಂದ 800 ಲ್ಯೂಮೆನ್ ಇರಬೇಕು, 100 ವ್ಯಾಟಿನಷ್ಟು ಬೇಕಿದ್ದರೆ 1300 ಲ್ಯೂಮೆನ್ ದಾಟಬೇಕು. ಅಂಗಡಿಯಲ್ಲಿ ಇದನ್ನು ಕೇಳಿದರೆ ಒಂದು ಕ್ಷಣ ನಮ್ಮ ಮುಖ ನೋಡುತ್ತಾರೆ. ಆಮೇಲೆ ಡಬ್ಬಿ ತಿರುಗಿಸುತ್ತಾರೆ.

ಇದೆಲ್ಲ ನನಗೆ ತಾನಾಗೇ ಗೊತ್ತಾದದ್ದಲ್ಲ. ನನ್ನ ತಂಗಿಯ ಮಗ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕಲಿಯುತ್ತಿದ್ದಾನೆ. ಸೀರೆ ಕಥೆ ಕೇಳಿ ಅವನು ನಕ್ಕ. "ದೊಡ್ಡವ್ವಾ, ನಿನ್ನ ಕಣ್ಣೇನೂ ಕೆಟ್ಟಿಲ್ಲ, ತಾಳು" ಅಂದ. ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಮೂರು ಹೋಲ್ಡರ್ ಕಟ್ಟಿಕೊಂಡು ಬಂದ. ಒಂದಕ್ಕೆ ನನ್ನ ಐವತ್ತು ರೂಪಾಯಿ ಬಲ್ಬ್. ಇನ್ನೊಂದಕ್ಕೆ ನಮ್ಮ ಅತ್ತೆ ಅಟ್ಟದಲ್ಲಿ ಕಾಗದ ಸುತ್ತಿ ಕಾಪಾಡಿಟ್ಟಿದ್ದ ಹಳೇ 60 ವ್ಯಾಟಿನ ಹಳದಿ ಬಲ್ಬ್. ಮೂರನೆಯದಕ್ಕೆ ಅವನೇ ಯಾರ ಬಳಿಯೋ ಕೇಳಿ ತಂದ ಒಂದು ಎಲ್‌ಇಡಿ. ಅದರ ಡಬ್ಬಿಯ ಮೇಲೆ 4000 ಕೆಲ್ವಿನ್, ಸಿಆರ್‌ಐ 90 ಅಂತ ಇತ್ತು. ಇವೆರಡರ ಅರ್ಥ ಮುಂದೆ ಹೇಳುತ್ತೇನೆ. ಪಡಸಾಲೆಯ ಬಾಗಿಲು ಕಿಟಕಿ ಮುಚ್ಚಿದ. "ನಿನ್ನ ದಾರದ ರೀಲು ತೆಗಿ" ಅಂದ.

ಆರು ರೀಲು ನೆಲದ ಮೇಲೆ ಸಾಲಾಗಿ ಇಟ್ಟೆ. ಮರೂನ್, ಕಾಫಿ, ಕಡು ಕೆಂಪು, ನೇರಳೆ, ನೇವಿ ಬ್ಲೂ, ಕಪ್ಪು.

ಮೊದಲು ನನ್ನ ಬಲ್ಬ್ ಹಚ್ಚಿದ. ಮರೂನ್ ಮತ್ತು ಕಾಫಿ ಅಣ್ಣತಮ್ಮಂದಿರ ಹಾಗೆ ಕೂತಿದ್ದವು. ಯಾವುದು ಯಾವುದು ಅಂತ ಹೇಳಲು ರೀಲಿನ ತಳದ ಚೀಟಿ ನೋಡಬೇಕಾಯಿತು. ಕಡು ಕೆಂಪು ಕೂಡ ರಕ್ತ ಹೋದವರ ಹಾಗೆ ಪೆಚ್ಚಾಗಿತ್ತು. ಅದನ್ನು ಆರಿಸಿ ಮೂರನೆಯದು ಹಚ್ಚಿದ. ಆರೂ ಬಣ್ಣ ಬಿಡಿಬಿಡಿಯಾಗಿ ನಿಂತವು. ಮರೂನ್‌ನೊಳಗಿನ ಕೆಂಪು ಎದ್ದು ಕಂಡಿತು. ನಿಜ ಹೇಳಬೇಕೆಂದರೆ ಈ ಬಲ್ಬ್ ನನ್ನ ಬಲ್ಬಿನಷ್ಟು ಕಣ್ಣು ಕುಕ್ಕುತ್ತಿರಲಿಲ್ಲ. ಅಂಗಡಿಯಲ್ಲಿ ಎರಡನ್ನೂ ಹಚ್ಚಿ ತೋರಿಸಿದ್ದರೆ ನಾನು ಐವತ್ತರದ್ದನ್ನೇ ಆರಿಸುತ್ತಿದ್ದೆ.

ಕೊನೆಗೆ ಅತ್ತೆಯ ಹಳದಿ ಬಲ್ಬ್. ಕೆಂಪು, ಮರೂನ್, ಕಾಫಿ ಎಲ್ಲ ಚೆಂದ ಕಂಡವು. ಆದರೆ ನೇವಿ ಬ್ಲೂ ಮತ್ತು ಕಪ್ಪು ಒಂದೇ ಆಗಿಬಿಟ್ಟವು. ಆಗ ನನಗೆ ನಮ್ಮ ಅವ್ವ ಹೇಳುತ್ತಿದ್ದ ಮಾತು ನೆನಪಾಯಿತು: "ದೀಪದಾಗ ನೀಲಿ ನೋಡಬ್ಯಾಡ, ಹೊತ್ತು ಹುಟ್ಟಿದ ಮ್ಯಾಲೆ ನೋಡು." ಅವ್ವ ಕಂದೀಲಿನ ಬೆಳಕಿನಲ್ಲಿ ಹೊಲಿದವಳು.

ಸಿಆರ್‌ಐ ಅಂದರೆ ಬಣ್ಣ ಎಷ್ಟು ನಿಜವಾಗಿ ಕಾಣಿಸುತ್ತದೆ ಅನ್ನುವುದರ ಅಂಕ. 100ಕ್ಕೆ ಲೆಕ್ಕ. ಹಳೇ ಹಳದಿ ಬಲ್ಬಿಗೆ ಹತ್ತಿರ ಹತ್ತಿರ 100 ಕೊಡುತ್ತಾರೆ, ಆದರೂ ಅದರಲ್ಲಿ ನೀಲಿ ಬೆಳಕೇ ಕಮ್ಮಿ, ಹಾಗಾಗಿ ನೇವಿ ಬ್ಲೂ ಕಪ್ಪಾಗುತ್ತದೆ. ಎಲ್‌ಇಡಿಯದು ಬೇರೆ ಕಥೆ. ಒಳಗಿರುವ ಚಿಪ್ ಕೊಡುವುದು ನೀಲಿ ಬೆಳಕು. ಅದರ ಮೇಲೆ ಬಳಿದ ಹಳದಿ ಪುಡಿ ಆ ನೀಲಿಯಲ್ಲಿ ಒಂದಿಷ್ಟನ್ನು ಹಳದಿ ಮಾಡುತ್ತದೆ. ಎರಡೂ ಬೆರೆತು ನಮ್ಮ ಕಣ್ಣಿಗೆ ಬಿಳಿ. ಈ ನೀಲಿ ಚಿಪ್ ಕಂಡುಹಿಡಿದದ್ದಕ್ಕೇ ಇಸಾಮು ಅಕಸಾಕಿ, ಹಿರೋಷಿ ಅಮಾನೊ, ಶೂಜಿ ನಕಮುರಾ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತಂತೆ. ಹುಡುಗ ಹೆಸರುಗಳನ್ನು ಪಾಠ ಒಪ್ಪಿಸಿದ ಹಾಗೆ ಹೇಳಿದ. ಅಗ್ಗದ ಬಲ್ಬಿನ ಪುಡಿಯಲ್ಲಿ ಕಡು ಕೆಂಪಿನ ಪಾಲು ತೀರಾ ಕಡಿಮೆ. ಬೆಳಕಿನಲ್ಲೇ ಕೆಂಪು ಇಲ್ಲದಿದ್ದರೆ ಬಟ್ಟೆಯಿಂದ ಕೆಂಪು ಎಲ್ಲಿಂದ ತಿರುಗಿ ಬರಬೇಕು? ಮರೂನ್ ಕಾಫಿಯಾಗುವುದು ಹೀಗೆ.

ಸಾಮಾನ್ಯ ಒಳ್ಳೆ ಬಲ್ಬಿಗೆ ಸಿಆರ್‌ಐ 80 ಇರುತ್ತದೆ. ಊಟ, ಟಿವಿ, ಮಕ್ಕಳ ಓದಿಗೆ ಅಷ್ಟು ಸಾಕು. ಬಣ್ಣದ ಕೆಲಸ ಮಾಡುವವರಿಗೆ 90 ಬೇಕು. ಅದರಲ್ಲೂ ಒಂದು ತಿರುವು ಇದೆ. ಈ ಅಂಕ ಎಂಟು ತಿಳಿ ಬಣ್ಣಗಳ ಸರಾಸರಿ. ಕಡು ಕೆಂಪು ಆ ಎಂಟರಲ್ಲಿ ಇಲ್ಲ. ಅಂದರೆ 80 ಅಂಕ ಪಡೆದ ಬಲ್ಬ್ ಕೂಡ ಕೆಂಪಿನಲ್ಲಿ ಫೇಲ್ ಆಗಿರಬಹುದು! ಇಳಕಲ್ ಸೀರೆಯ ಕೆಂಪು ಸೆರಗು ನೋಡುವ ನಮ್ಮ ಕಡೆಯವರಿಗೆ ಇದು ಸಣ್ಣ ಮಾತಲ್ಲ. ಕಪಡಾ ಬಜಾರಿನಲ್ಲಿ ಹಳೇ ಗಿರಾಕಿಗಳು ಸೀರೆಯನ್ನು ಅಂಗಡಿಯ ಮೆಟ್ಟಿಲ ತನಕ ತಂದು ಬಿಸಿಲಿಗೆ ಹಿಡಿದು ನೋಡುತ್ತಾರೆ. ಚೌಕಾಸಿಗೆ ಹಾಗೆ ಮಾಡುತ್ತಾರೆ ಅಂತ ನಾನು ತಿಳಿದಿದ್ದೆ. ಅವರು ನನಗಿಂತ ಜಾಣರು.

ಬೆಳಕಿನ ಬಣ್ಣದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಡಬ್ಬಿಯ ಮೇಲೆ 2700 ಅಥವಾ 3000 ಕೆಲ್ವಿನ್ ಅಂತಿದ್ದರೆ ಹಳೇ ಬಲ್ಬಿನ ಹಳದಿ, 4000 ಅಂದರೆ ನಡುವಿನದು, 6500 ಅಂದರೆ ನೀಲಿ ಕಡೆ ವಾಲಿದ ಬಿಳಿ. ನಮ್ಮ ಅಂಗಡಿಗಳಲ್ಲಿ ಕೇಳದೇ ಕೊಡುವುದು 6500. ಬೆಳ್ಳಗಿದ್ದಷ್ಟೂ ಬೆಳಕು ಜಾಸ್ತಿ ಅನ್ನುವುದು ನಮ್ಮ ಭ್ರಮೆ. ನನ್ನ ಮಟ್ಟಿಗೆ ಕೆಲಸದ ಜಾಗಕ್ಕೆ 4000, ಮಲಗುವ ಕೋಣೆಗೆ 3000. ಹೊರಬಾಗಿಲಿಗೂ 3000ವೇ. ಮೊದಲ ಮಳೆ ಬಿದ್ದ ಸಂಜೆ ಬೆಳ್ಳನೆ ಬಲ್ಬಿನ ಸುತ್ತ ರೆಕ್ಕೆಹುಳ ಮುತ್ತಿ, ಬೆಳಿಗ್ಗೆ ಬಾಗಿಲಲ್ಲಿ ಬೊಗಸೆಗಟ್ಟಲೆ ರೆಕ್ಕೆ ಗುಡಿಸುತ್ತಿದ್ದೆ. ಹಳದಿ ಹಾಕಿದ ಮೇಲೂ ಬರುತ್ತವೆ, ಆದರೆ ಕಡಿಮೆ.

ಬಣ್ಣಕ್ಕಿಂತ ನನ್ನನ್ನು ಹೆದರಿಸಿದ್ದು ಇನ್ನೊಂದು.

ನನ್ನದು ಹಳೇ ಕಪ್ಪು ಮಷೀನು, ಮೋಟಾರ್ ಕೂಡಿಸಿಕೊಂಡಿದ್ದೇನೆ. ಆ ಐವತ್ತರ ಬಲ್ಬ್ ಹಾಕಿದಾಗಿನಿಂದ ಹೊಲಿಯುವಾಗ ತಲೆ ಭಾರವಾಗುತ್ತಿತ್ತು. ಮಷೀನ್ ಜೋರಾಗಿ ಓಡುವಾಗ ಪಕ್ಕದ ಚಕ್ರ ನಿಧಾನಕ್ಕೆ ಹಿಂದಕ್ಕೆ ತಿರುಗುತ್ತಿರುವ ಹಾಗೆ ಕಾಣುತ್ತಿತ್ತು. ಸೂಜಿ ಒಂದರ ಬದಲು ಆರೇಳು ಸೂಜಿ ಒಂದರ ಮೇಲೊಂದು ನಿಂತ ಹಾಗೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಕಣ್ಣು ತೋರಿಸ್ಕೋ ಅಂತ ಮತ್ತೆ ಹೇಳಿಸಿಕೊಳ್ಳುವುದು ಬೇಡ ಅಂತ ಸುಮ್ನಿದ್ದೆ.

ಹುಡುಗನಿಗೆ ಹೇಳಿದಾಗ ಅವನು ಮೊಬೈಲ್ ಕ್ಯಾಮೆರಾ ತೆರೆದು ಬಲ್ಬಿನ ಹತ್ತಿರ ಹಿಡಿದ. ಪರದೆಯ ಮೇಲೆ ಕಪ್ಪು ಪಟ್ಟೆಗಳು ಹರಿದಾಡುತ್ತಿದ್ದವು. ಇನ್ನೊಂದು ಬಲ್ಬಿಗೆ ಹಿಡಿದರೆ ಪಟ್ಟೆ ಇಲ್ಲ. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿಯುತ್ತದೆ. ಹಾಗಾಗಿ ಬೆಳಕು ಸೆಕೆಂಡಿಗೆ 100 ಸಲ ಏರಿ ಇಳಿಯಲು ನೋಡುತ್ತದೆ. ಒಳ್ಳೆ ಬಲ್ಬಿನ ಒಳಗೆ ಕರೆಂಟನ್ನು ಹದ ಮಾಡಿ ಚಿಪ್ಪಿಗೆ ಕೊಡುವ ಡ್ರೈವರ್ ಅನ್ನುವ ಭಾಗ ಅದನ್ನು ಸಮ ಮಾಡುತ್ತದೆ. ಅಗ್ಗದ್ದರಲ್ಲಿ ಆ ಭಾಗಕ್ಕೇ ದುಡ್ಡು ಉಳಿಸಿರುತ್ತಾರೆ. ಕಣ್ಣಿಗೆ ನೇರ ಗೊತ್ತಾಗುವುದಿಲ್ಲ, ಆದರೆ ಓಡುವ ಸೂಜಿಯನ್ನು ಆ ಮಿಣುಕು ತುಂಡು ತುಂಡಾಗಿ ತೋರಿಸುತ್ತದೆ. ಬೆರಳು ಸೂಜಿಯ ಅರ್ಧ ಇಂಚು ಪಕ್ಕದಲ್ಲಿ ಇರುವವರಿಗೆ ಇದು ಬರೀ ತಲೆನೋವಲ್ಲ. ಹಿಟ್ಟಿನ ಗಿರಣಿ, ಬಡಗಿ ಕೆಲಸ, ಎಲ್ಲಿ ಚಕ್ರ ತಿರುಗುತ್ತದೋ ಅಲ್ಲೆಲ್ಲ ಇದೇ ಮಾತು. ನಿಂತಿರುವ ಹಾಗೆ ಕಾಣುವ ಚಕ್ರ ನಿಜವಾಗಿ ನಿಂತಿರುವುದಿಲ್ಲ.

ಈಗ ಯಾವ ಅಂಗಡಿಗೆ ಹೋದರೂ ನಾನು ಮೊಬೈಲ್ ತೆಗೆದು ಬಲ್ಬಿಗೆ ಹಿಡಿಯುತ್ತೇನೆ. "ಫೋಟೋ ಯಾಕ್ರಿ ಅಕ್ಕಾ?" ಅಂತ ಒಬ್ಬರು ಕೇಳಿದರು. ಪಟ್ಟೆ ತೋರಿಸಿದೆ. ಅವರೇ ತಮ್ಮ ಅಂಗಡಿಯ ಅಷ್ಟೂ ಬಲ್ಬ್ ಹಚ್ಚಿ ಹಚ್ಚಿ ನೋಡಲು ಶುರು ಮಾಡಿದರು. ನನ್ನ ಹಿಂದೆ ನಿಂತಿದ್ದ ಗಿರಾಕಿಗಳಿಗೆ ತಡವಾಯಿತು ಅಂತ ಬೇಜಾರು.

ಎಷ್ಟು ಬೆಳಕು ಬೇಕು ಅನ್ನುವುದು ನೆಲದ ಮೇಲೂ ನಿಂತಿದೆ. ನಮ್ಮ ಕಡೆ ಹಳೇ ಮನೆಗಳಿಗೆ ಶಹಾಬಾದ್ ಫರ್ಸಿ. ಬೇಸಿಗೆಯಲ್ಲಿ ತಂಪು, ಒರೆಸಲು ಸುಲಭ, ಎಲ್ಲ ಸರಿ. ಆದರೆ ಆ ಬೂದುಗಪ್ಪು ಕಲ್ಲು ಬೆಳಕನ್ನು ನುಂಗುತ್ತದೆ. ನನ್ನ ತಂಗಿಯ ಮನೆಯಲ್ಲಿ ಬಿಳಿ ಟೈಲ್ಸ್, ಅಷ್ಟೇ ದೊಡ್ಡ ಕೋಣೆ, ಒಂದೇ 9 ವ್ಯಾಟ್ ಬಲ್ಬಿಗೆ ಮನೆ ತುಂಬ ಬೆಳಕು. ನಮ್ಮ ಪಡಸಾಲೆ 10 ಅಡಿಗೆ 12 ಅಡಿ. ಅದೇ ಬಲ್ಬ್ ಹಾಕಿದರೆ ಮೂಲೆಯಲ್ಲಿ ಬಿದ್ದ ಗುಂಡುಸೂಜಿ ಕಾಲಿಗೆ ಚುಚ್ಚಿದಾಗಲೇ ಗೊತ್ತಾಗುವುದು. ಗೋಡೆಗೆ ಸುಣ್ಣ ಹೊಡೆಸಿ 20 ವ್ಯಾಟಿನ ಎಲ್‌ಇಡಿ ಟ್ಯೂಬ್ ಹಾಕಿದ ಮೇಲೆ ಸರಿಯಾಯಿತು. ಅದು 2000 ಲ್ಯೂಮೆನ್ನಿನದು.

ಹೊಲಿಗೆಗೆ ಮಾತ್ರ ಮೇಲಿನ ದೀಪ ಎಷ್ಟಿದ್ದರೂ ಸಾಲದು. ಮಾಡಿನ ಬಲ್ಬ್ ಬಟ್ಟೆಯಿಂದ ಆರು ಅಡಿ ದೂರದಲ್ಲಿರುತ್ತದೆ, ಜೊತೆಗೆ ನನ್ನ ತಲೆಯ ನೆರಳು. ಬಲ್ಬನ್ನು ಅರ್ಧ ದೂರಕ್ಕೆ ತಂದರೆ ಅದೇ ಬಲ್ಬಿನ ಬೆಳಕು ನಾಲ್ಕು ಪಟ್ಟು ಬೀಳುತ್ತದೆ. ಈ ಲೆಕ್ಕ ಕೇಳಿ ನಾನು ನಂಬಲಿಲ್ಲ. ಹಗ್ಗ ಕಟ್ಟಿ ಇಳಿಬಿಟ್ಟು ನೋಡಿ ನಂಬಿದೆ. ಈಗ ಮಷೀನಿನ ಎಡಗಡೆ, ಬಟ್ಟೆಯಿಂದ ಎರಡಡಿ ಮೇಲೆ, ಒಂದು 7 ವ್ಯಾಟ್ ಬಲ್ಬ್ ತೂಗುತ್ತಿದೆ. ಸಿಆರ್‌ಐ 90. ಮೇಲೊಂದು ತಗಡಿನ ಟೋಪಿ, ಕಣ್ಣಿಗೆ ನೇರ ಹೊಡೆಯದ ಹಾಗೆ. ಎಡಗಡೆ ಯಾಕೆಂದರೆ ನಾನು ಬಲಗೈಯವಳು. ಬಲಗಡೆ ಹಾಕಿದರೆ ನನ್ನ ಕೈಯ ನೆರಳು ಸೂಜಿಯ ಮೇಲೇ ಬೀಳುತ್ತದೆ.

ಹಳೇ ಬಲ್ಬ್ ಬಿಟ್ಟು ಎಲ್‌ಇಡಿಗೆ ಬಂದದ್ದರ ಬಗ್ಗೆ ನನಗೆ ದೂರು ಇಲ್ಲ. 2015ರಲ್ಲಿ ದೇಶದಲ್ಲಿ ಉಜಾಲಾ ಯೋಜನೆ ಬಂತು. ನಮ್ಮ ರಾಜ್ಯದಲ್ಲಿ ಅದರ ಹೆಸರು ಹೊಸ ಬೆಳಕು. ಕರೆಂಟ್ ಬಿಲ್ ಹಿಡಿದು ಸಾಲಿನಲ್ಲಿ ನಿಂತು 9 ವ್ಯಾಟಿನ ಬಲ್ಬ್ ತಂದವರಲ್ಲಿ ನಾನೂ ಒಬ್ಬಳು. 2014ರಲ್ಲಿ ಸರ್ಕಾರದ ಸಂಸ್ಥೆ ಒಂದು ಬಲ್ಬನ್ನು 310 ರೂಪಾಯಿಗೆ ಖರೀದಿಸಿತ್ತು, 2016ರಲ್ಲಿ ಅದು 38 ರೂಪಾಯಿಗೆ ಇಳಿಯಿತು. ಅಷ್ಟು ಅಗ್ಗವಾಗಿದ್ದಕ್ಕೇ ಬಡವರ ಮನೆಗೂ ಬಂತು. 60 ವ್ಯಾಟಿನ ಬಲ್ಬ್ ದಿನಕ್ಕೆ ಆರು ತಾಸು ಉರಿದರೆ ತಿಂಗಳಿಗೆ ಸುಮಾರು 11 ಯೂನಿಟ್. ಅದೇ ಜಾಗದಲ್ಲಿ 9 ವ್ಯಾಟಿನದು ಎರಡು ಯೂನಿಟ್ ಕೂಡ ಆಗುವುದಿಲ್ಲ.

"ಈಗ ಗೃಹಜ್ಯೋತಿ ಅದ, ಬಿಲ್ ಜೀರೋ ಬರ್ತದ, ಯಾವ ಬಲ್ಬ್ ಆದ್ರೇನು?" ಅಂತ ಪಕ್ಕದ ಮನೆಯವರು ಕೇಳಿದರು. ಜೀರೋ ಬರುವುದು ನಮ್ಮ ನಮ್ಮ ಮಿತಿಯೊಳಗೆ ಇದ್ದರೆ ಮಾತ್ರ. ನಮಗೆ 2022-23ರ ಸರಾಸರಿಗೆ ಶೇಕಡಾ 10 ಸೇರಿಸಿ ಕೊಟ್ಟಿದ್ದಾರೆ, 200 ಯೂನಿಟ್ ಮೇಲ್ಮಿತಿ. ನಮ್ಮ ಮನೆಗೆ ಬಂದದ್ದು 94. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಕೂಲರ್ ಇಲ್ಲದೆ ಮಲಗಲು ಆಗುತ್ತದೆಯೇ? ಆ ಎರಡು ತಿಂಗಳು 94 ದಾಟದ ಹಾಗೆ ನೋಡಿಕೊಳ್ಳಬೇಕಾದರೆ ದೀಪದಲ್ಲಿ ಉಳಿಸಿದ ಒಂದೊಂದು ಯೂನಿಟ್ಟೂ ಕೂಲರಿಗೆ ಬೇಕು.

ಬಾಳಿಕೆಯ ಮಾತಿಗೆ ಬಂದರೆ ನನಗೆ ಸಿಟ್ಟು ಬರುತ್ತದೆ. ಡಬ್ಬಿಯ ಮೇಲೆ 25,000 ಗಂಟೆ ಅಂತ ಅಚ್ಚು ಹಾಕಿರುತ್ತಾರೆ. ದಿನಕ್ಕೆ ಆರು ಗಂಟೆಯಂತೆ ಲೆಕ್ಕ ಹಾಕಿದರೆ 11 ವರ್ಷ! ನಮ್ಮ ಮನೆಯಲ್ಲಿ ಯಾವ ಬಲ್ಬೂ 11 ವರ್ಷ ಬಂದಿಲ್ಲ. ಆ ಲೆಕ್ಕ ಒಳಗಿನ ಚಿಪ್ಪಿನದು, ಅದರ ಬೆಳಕು ಶೇಕಡಾ 70ಕ್ಕೆ ಇಳಿಯುವ ತನಕದ್ದು. ಮೊದಲು ಸಾಯುವುದು ಚಿಪ್ಪಲ್ಲ, ತಳದಲ್ಲಿ ಕೂತ ಡ್ರೈವರ್. ಅದಕ್ಕೆ ಬಿಸಿ ಅಂದರೆ ಆಗದು. ನಮ್ಮ ದೇವರ ಕೋಣೆಯ ಮುಂದೆ ಚೆಂದಕ್ಕೆ ಅಂತ ಗಾಜಿನ ಗುಂಡು ಹಾಕಿಸಿದ್ದೆ, ಸುತ್ತ ಮುಚ್ಚಿದ್ದು. ಅದರೊಳಗೆ ಎರಡು ಬಲ್ಬ್ ಒಂದೇ ವರ್ಷದಲ್ಲಿ ಹೋದವು. ಹೊರಗೆ 42 ಡಿಗ್ರಿ, ಮಾಳಿಗೆ ಕಾದಿರುತ್ತದೆ, ಮುಚ್ಚಿದ ಗಾಜಿನೊಳಗೆ ಬಲ್ಬಿನದೇ ಬಿಸಿ. ಉಸಿರು ಕಟ್ಟದೆ ಇನ್ನೇನು? ಗಾಜು ತೆಗೆದೆ. ಚೆಂದ ಹೋಯಿತು, ಬಲ್ಬ್ ಉಳಿಯಿತು.

ಗ್ಯಾರಂಟಿಯ ಬಲ್ಬ್ ಕೊಂಡರೆ ಅಂಗಡಿಯವರು ಮಾರ್ಕರಿನಲ್ಲಿ ಬಲ್ಬಿನ ಕತ್ತಿನ ಮೇಲೆ ತಾರೀಖು ಬರೆದು ಕೊಡುತ್ತಾರೆ. ಅಡುಗೆಮನೆಯ ಜಿಡ್ಡಿಗೆ, ಒರೆಸುವ ಬಟ್ಟೆಗೆ ಅದು ಅಳಿಸಿ ಹೋಗುತ್ತದೆ. ಒಮ್ಮೆ ಹಾಗೆ ಅಳಿಸಿದ ಬಲ್ಬ್ ಹಿಡಿದು ಹೋಗಿ ವಾದ ಮಾಡಿ ಸೋತು ಬಂದೆ. ಈಗ ನಾನೇ ತಾರೀಖಿನ ಮೇಲೆ ಸೆಲ್ಲೋಟೇಪ್ ಅಂಟಿಸುತ್ತೇನೆ. ಡಬ್ಬಿ, ಬಿಲ್ಲು ಎರಡೂ ಬಾಬಿನ್ ಡಬ್ಬಿಯ ಕೆಳಗೆ.

ಹೋದ ಬಲ್ಬನ್ನು ರಿಪೇರಿ ಮಾಡುವವರೂ ಇದ್ದಾರೆ. ಮೇಲಿನ ಪ್ಲಾಸ್ಟಿಕ್ ಬುರುಡೆ ತೆಗೆದರೆ ಒಂದು ತಟ್ಟೆಯ ಮೇಲೆ ಹತ್ತಾರು ಹಳದಿ ಚುಕ್ಕೆ. ಒಂದು ಚುಕ್ಕೆಯ ನಡುವೆ ಕರೀ ಕಲೆ ಬಿದ್ದಿರುತ್ತದೆ. ಎಲ್ಲ ಒಂದೇ ಸರದ ಮಣಿ, ಒಂದು ಕಡಿದರೆ ಇಡೀ ಸರ ಆರಿತು. ನಮ್ಮ ಓಣಿಯ ಹುಡುಗನೊಬ್ಬ ಸುಟ್ಟ ಚುಕ್ಕೆಯನ್ನು ಬೆಸುಗೆ ಹಾಕಿ ಮುಚ್ಚಿ ಹತ್ತು ರೂಪಾಯಿಗೆ ಬೆಳಗಿಸಿ ಕೊಟ್ಟ. ಖುಷಿಯಾಯಿತು. ಹದಿನೈದು ದಿನಕ್ಕೆ ಉಳಿದ ಚುಕ್ಕೆಗಳ ಮೇಲೆ ಭಾರ ಬಿದ್ದು ಮತ್ತೆ ಹೋಯಿತು. ಇದು ನಡೆಯಲಿ ಬಿಡಿ. ಆದರೆ ಬುರುಡೆ ಇಲ್ಲದ ಬಲ್ಬನ್ನು ಹಾಗೇ ಹೋಲ್ಡರಿಗೆ ಹಾಕಿ ಉರಿಸಬೇಡಿ. ಎಷ್ಟೋ ಬಲ್ಬುಗಳಲ್ಲಿ ಆ ತಟ್ಟೆಗೆ ನೇರ ಲೈನಿನ ಕರೆಂಟೇ ಬಂದಿರುತ್ತದೆ. ಮಕ್ಕಳ ಕೈ ತಾಗಿದರೆ ಕೆಲಸ ಕೆಟ್ಟಿತು.

ಇನ್ನೊಂದು ಕಥೆ ಹೇಳದೆ ಇರಲಾರೆ. ನಮ್ಮ ಅಡುಗೆಮನೆಯ ಎಲ್‌ಇಡಿ ಸ್ವಿಚ್ ಆರಿಸಿದ ಮೇಲೂ ಮಿಣಿಮಿಣಿ ಉರಿಯುತ್ತಿತ್ತು. ಕತ್ತಲಲ್ಲಿ ನೋಡಿದರೆ ಸಣ್ಣಗೆ ಬೆಳ್ಳನೆ ಗೋಲ. ನಮ್ಮ ಅತ್ತೆ ಒಂದು ರಾತ್ರಿ ನೀರು ಕುಡಿಯಲು ಎದ್ದವರು ಅದನ್ನು ನೋಡಿ "ಯವ್ವಾ, ಆರ್ಸಿದ ದೀಪ ತಾನ ಉರೀಲಿಕತ್ಯಾದ" ಅಂತ ಮನೆಯವರನ್ನೆಲ್ಲ ಎಬ್ಬಿಸಿದರು. ಮರುದಿನ ನಿಂಬೆಹಣ್ಣು ಕೂಡ ಕಟ್ಟಿದರು. ಕಾರಣ ಬೇರೆಯೇ ಇತ್ತು. ವೈರಿಂಗ್ ಮಾಡಿದವರು ಸ್ವಿಚ್ಚನ್ನು ಕರೆಂಟು ತರುವ ಫೇಸ್ ತಂತಿಗೆ ಹಾಕುವ ಬದಲು ಅದು ವಾಪಸ್ ಹೋಗುವ ನ್ಯೂಟ್ರಲ್ ತಂತಿಗೆ ಹಾಕಿದ್ದರು. ಸ್ವಿಚ್ ಆರಿಸಿದರೂ ಹೋಲ್ಡರ್ ತನಕ ಕರೆಂಟು ಬಂದು ನಿಂತಿರುತ್ತಿತ್ತು. ಹಳೇ ಬಲ್ಬಿಗೆ ಆ ಚೂರು ಕರೆಂಟು ಲೆಕ್ಕಕ್ಕಿಲ್ಲ, ಎಲ್‌ಇಡಿಗೆ ಅಷ್ಟೇ ಸಾಕು. ಸ್ವಿಚ್ಚಿನಲ್ಲಿ ಕೆಂಪು ಇಂಡಿಕೇಟರ್ ಇದ್ದರೂ ಹೀಗೆ ಆಗಬಹುದು, ಅದು ಅಷ್ಟು ಚಿಂತೆಯದಲ್ಲ. ಆದರೆ ತಂತಿ ಅದಲುಬದಲಾಗಿದ್ದರೆ ಸ್ವಿಚ್ ಆರಿಸಿದೆ ಅಂತ ನಂಬಿ ಹೋಲ್ಡರಿಗೆ ಕೈ ಹಾಕಿದವರ ಗತಿ ಏನು? ಮಿಣಿಮಿಣಿ ಕಂಡರೆ ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ನಿಂಬೆಹಣ್ಣು ಆಮೇಲೆ ಕಟ್ಟಿದರಾಯಿತು.

ಈಗ ನಾನು ಈ ಪತ್ರ ಬರೆದ ಕಾರಣಕ್ಕೆ ಬರುತ್ತೇನೆ. ಮೇಲೆ ಹೇಳಿದ್ದರಲ್ಲಿ ಹೆಚ್ಚಿನದು ಡಬ್ಬಿಯ ಮೇಲೆ ಬರೆದಿರುತ್ತದೆ. ಲ್ಯೂಮೆನ್, ಕೆಲ್ವಿನ್, ಒಳ್ಳೆ ಕಂಪನಿಯದಾದರೆ ಸಿಆರ್‌ಐ ಕೂಡ. ಐಎಸ್ 16102 (ಎಲ್‌ಇಡಿ ಬಲ್ಬಿನ ಭಾರತೀಯ ಮಾನದಂಡದ ನಂಬರ್) ಅಂತ ಬರೆದು ಅದರ ಜೊತೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ನಂಬರ್ ಇರಬೇಕು, ಸುರಕ್ಷತೆಯ ಪರೀಕ್ಷೆ ಆಗಿದೆ ಅನ್ನುವುದಕ್ಕೆ ಅದೇ ಗುರುತು. ಫ್ರಿಜ್ಜಿನ ಮೇಲಿರುವಂಥ ನಕ್ಷತ್ರದ ಚೀಟಿ ಎಲ್‌ಇಡಿ ಬಲ್ಬಿಗೂ 2018ರಿಂದ ಕಡ್ಡಾಯ. ನಕ್ಷತ್ರ ಜಾಸ್ತಿ ಇದ್ದಷ್ಟೂ ಒಂದು ವ್ಯಾಟಿಗೆ ಸಿಗುವ ಬೆಳಕು ಜಾಸ್ತಿ. ಎಲ್ಲ ಇದೆ. ಆದರೆ ಹೇಗಿದೆ? ಡಬ್ಬಿಯ ಅಡಿಭಾಗದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಮುಂಭಾಗದಲ್ಲಿ ಅಂಗೈಯಗಲ 9 ವ್ಯಾಟ್.

ಸೂಜಿಗೆ ದಾರ ಪೋಣಿಸುವ ನನಗೇ ಅದು ಓದಲು ಬರಲಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದೆ. ನಮ್ಮ ಓಣಿಯಲ್ಲಿ ಹೊಲಿಗೆ ಮಾಡುವವರು ಆರು ಜನ ಇದ್ದೇವೆ. ತೊಗರಿ ಬೇಳೆಯಲ್ಲಿ ಕಲ್ಲು ಆರಿಸುವ ಮುದುಕಿಯರು ಇದ್ದಾರೆ. ಬೀದರಿನಲ್ಲಿ ಬಿದರಿ ಕೆಲಸದವರು ಕಪ್ಪು ಲೋಹದಲ್ಲಿ ಕೂದಲೆಳೆಯಷ್ಟು ತೆಳು ಬೆಳ್ಳಿ ಕೂಡಿಸುತ್ತಾರೆ. ಇವರಿಗೆಲ್ಲ ಬಲ್ಬ್ ಅನ್ನುವುದು ಕತ್ತರಿ, ಉಳಿ, ಸುತ್ತಿಗೆಯ ಹಾಗೆ ಒಂದು ಉಪಕರಣ. ನಮ್ಮ ಭಾಷೆಯಲ್ಲಿ ಮುಂಭಾಗದಲ್ಲೇ ದಪ್ಪಗೆ ಬರೆದರೆ ಕಂಪನಿಗೆ ಏನು ನಷ್ಟ? "ಬೆಳಕು 900, ಬಣ್ಣ ತೋರಿಸುವುದು 90" ಅಂತ ಎರಡು ಸಾಲು ಸಾಕು.

ಅಂಗಡಿಯವರಿಗೂ ಒಂದು ಮಾತು. ಎಲ್ಲ ಅಂಗಡಿಯಲ್ಲೂ ಬಲ್ಬ್ ಹಚ್ಚಿ ತೋರಿಸುವ ಹೋಲ್ಡರ್ ಇದೆ, ಆದರೆ ಅದು ಉರಿಯುತ್ತದೋ ಇಲ್ಲವೋ ನೋಡಲು. ಅದರ ಕೆಳಗೆ ನಾಲ್ಕು ಬಣ್ಣದ ಬಟ್ಟೆ ತುಂಡು ಅಂಟಿಸಿಡಿ. ಮರೂನ್, ಕಾಫಿ, ನೇವಿ ಬ್ಲೂ, ಕಪ್ಪು. ತುಂಡು ಬೇಕಿದ್ದರೆ ನಾನೇ ಕೊಡುತ್ತೇನೆ, ನಮ್ಮ ಮನೆಯಲ್ಲಿ ಮೂಟೆಗಟ್ಟಲೆ ಬಿದ್ದಿವೆ. ಮೊಬೈಲ್ ಹಿಡಿದು ಪಟ್ಟೆ ನೋಡಿದ ಆ ಅಂಗಡಿಯವರಿಗೆ ಆಗಲೇ ಕೊಟ್ಟು ಬಂದಿದ್ದೇನೆ. ಹಚ್ಚಿದ್ದಾರೋ ಇಲ್ಲವೋ ಮುಂದಿನ ವಾರ ದಾರ ತರಲು ಹೋದಾಗ ನೋಡಬೇಕು.

200ಕ್ಕೆ ತಂದ ನಾಲ್ಕರಲ್ಲಿ ಒಂದು ಆಗಲೇ ಹೋಗಿದೆ, ಎರಡನ್ನು ಬಚ್ಚಲಿಗೆ ಮತ್ತು ಮೆಟ್ಟಿಲಿಗೆ ಹಾಕಿದ್ದೇನೆ, ಅಲ್ಲಿ ಯಾವ ಮರೂನ್ ನೋಡುವುದಿದೆ? ನಾಲ್ಕನೆಯದನ್ನು ಹಾಗೇ ಇಟ್ಟಿದ್ದೇನೆ, ನನ್ನ ಹತ್ತಿರ ಹೊಲಿಗೆ ಕಲಿಯಲು ಬರುವ ಹುಡುಗಿಯರಿಗೆ ರೀಲು ಸಾಲಾಗಿಟ್ಟು ತೋರಿಸಲು. ಅತ್ತೆಯ 60 ವ್ಯಾಟಿನ ಬಲ್ಬ್ ಮತ್ತೆ ಕಾಗದ ಸುತ್ತಿಕೊಂಡು ಅಟ್ಟ ಸೇರಿದೆ.

ಹೊಲಿಗೆ ಕೆಲಸದ ಒಬ್ಬ ಓದುಗಳು
ಬ್ರಹ್ಮಪುರ, ಕಲಬುರಗಿ